ಸುಳಿ

ನೆತ್ತಿಯಿಂದ ತುಸು ಹಿಂದಕ್ಕೆ
ಕೂದಲೆಲ್ಲ ಹೊರಡುವ ಜಾಗವೊಂದಿದೆ.
ಹೆಚ್ಚಿನವರದು ಬಲಕ್ಕೆ ತಿರುಗುತ್ತದೆ,
ಎಡಕ್ಕೆ ತಿರುಗುವವು ನೂರಕ್ಕೆ ಆರೋ ಏಳೋ.
ಹದಿನೇಳು ವರ್ಷ ಮನಾಮದ ಗುದೈಬಿಯಾ ಗಲ್ಲಿಯಲ್ಲಿ
ಕತ್ತರಿ ಹಿಡಿದವನು ನಾನು.
ಕನ್ನಡಿಯೊಳಗಿನ ಮುಖ ಅವರವರ ಪಾಲು,
ಸುಳಿ ನನ್ನ ಪಾಲು.

ಅಂಗಡಿ ಮುಚ್ಚಿಸಿದ ದಿನ
ಪೇಶಾವರದ ಗುಲ್‌ಜರೀನನಿಗೆ ಅರ್ಧ ಗಡ್ಡ ಆಗಿತ್ತು.
ಬಾಗಿಲಲ್ಲಿ ನಿಂತವರು ಎರಡು ನಿಮಿಷ ಅಂದರು.
ಎರಡು ನಿಮಿಷದಲ್ಲಿ ಇನ್ನರ್ಧ ಆಗುತ್ತದೆ,
ಕೈ ನಡುಗದಿದ್ದರೆ.
ನೊರೆ ಒರೆಸಿಕೊಂಡು ಹಾಗೇ ಎದ್ದ,
ಒಂದು ಕೆನ್ನೆ ಮದುಮಗ, ಒಂದು ಕೆನ್ನೆ ಸನ್ಯಾಸಿ.
ಪೂರ್ತಿ ದುಡ್ಡು ಮೇಜಿನ ಮೇಲಿಟ್ಟು
"ಬಾಕಿ ನಾಳೆ" ಅಂದ.

ಕೋಣೆಯಲ್ಲಿ ನಾವು ಏಳು ಮಂದಿ, ಮಂಚ ನಾಲ್ಕು.
ಮೊದಲು ಈ ಲೆಕ್ಕ ತೊಡಕಾಗಿರಲಿಲ್ಲ:
ರಾತ್ರಿ ಪಾಳಿಯವರು ಬರುವ ಹೊತ್ತಿಗೆ ನಾವು ಹೊರಡುತ್ತಿದ್ದೆವು,
ಹಾಸಿಗೆಯ ಬಿಸಿ ಆರುವ ಮೊದಲೇ ಮೈ ಬದಲಾಗುತ್ತಿತ್ತು.
ಈಗ ಏಳೂ ಜನ ಹಗಲಿಡೀ ಒಳಗೆ.
ಆರಡಿ ದೂರವಿರಿ ಅಂತ ಟಿವಿ ಹೇಳಿದಾಗ
ಟೈಲರ್ ದೂಮಣ್ಣ ಕೊರಳ ಟೇಪು ತೆಗೆದು
ಗೋಡೆಯಿಂದ ಗೋಡೆಗೆ ಅಳೆದ.
"ಹಾಗಾದರೆ ನಾಲ್ವರು ಗೋಡೆಯೊಳಗೇ ಮಲಗಬೇಕು."
ನಕ್ಕೆವು. ಆಮೇಲೆ ಯಾರೋ ಕೆಮ್ಮಿದರು,
ನಗು ನಿಂತಿತು.

ಸುಗಂಧಿ ದಿನಾ ಫೋನ್ ಮಾಡುತ್ತಿದ್ದಳು:
ಕೈ ತೊಳೆದಿರಾ, ಬಿಸಿನೀರು ಕುಡಿದಿರಾ.
ಈ ತಿಂಗಳದ್ದು ಯಾವಾಗ ಕಳಿಸುತ್ತೀರಿ ಅಂತ
ಹದಿನೇಳು ವರ್ಷದಲ್ಲಿ ಮೊದಲ ಸಲ ಕೇಳಲಿಲ್ಲ.
ನನಗೆ ನಿಜಕ್ಕೂ ಹೆದರಿಕೆಯಾದದ್ದು ಆಗ.

ಮೇ ತಿಂಗಳ ಸಂಜೆ, ತಾರಸಿಯ ನೀರಿನ ಟಾಂಕಿಯ ಮರೆಯಲ್ಲಿ
ಪೇಂಟಿನ ಡಬ್ಬ ಬೋರಲು ಹಾಕಿ
ಕದ್ದು ಕದ್ದು ಕೂದಲು ಕತ್ತರಿಸಿದೆ.
ಒಂದು ತಲೆಗೆ ಮೂರು ಮೊಟ್ಟೆ,
ಗಡ್ಡವೂ ಸೇರಿದರೆ ಎರಡು ಈರುಳ್ಳಿ ಹೆಚ್ಚು.
ಉಪ್ಪುಗಾಳಿಗೆ ಕೂದಲು ಹಾರಿ
ಪಕ್ಕದ ಕಟ್ಟಡದಲ್ಲಿ ಒಣಗಿದ ಬಟ್ಟೆಗೆ ಅಂಟುತ್ತಿತ್ತು.

ಹಮ್ಮಬ್ಬನಿಗೆ ಜೋಡಿ ಸುಳಿ.
ಎರಡು ಮದುವೆ ಗ್ಯಾರಂಟಿ ಅಂತ ನಾನು ರೇಗಿಸುವುದು,
"ಒಂದಕ್ಕೇ ಸಂಬಳ ಸಾಲದು ಮಾರಾಯ,
ಇನ್ನೊಂದು ಸುಳಿ ಕಾರ್ಗೋದಲ್ಲಿ ಊರಿಗೆ ಕಳಿಸು" ಅಂತ ಅವನು.
ಅವನ ಕೈಗೆ ಕಂಕಣದ ಹಾಗೆ
ಎಲೆಕ್ಟ್ರಾನಿಕ್ ಪಟ್ಟಿ ಬಿಗಿದ ದಿನ
ಮೂಲೆಯಲ್ಲಿ ಕೂತು ಕೇಳಿದ:
"ಹೋಗುವ ಮೊದಲು ಸ್ವಲ್ಪ ಸಣ್ಣ ಮಾಡುತ್ತೀಯಾ? ತಲೆ ಉರಿಯುತ್ತಿದೆ."
ಕತ್ತರಿ ಹುಡುಕುತ್ತಿರುವಂತೆ ನಟಿಸಿದೆ.
ದಿಂಬಿನಡಿಯೇ ಇತ್ತು.
ಕೆಳಗೆ ಆಂಬುಲೆನ್ಸ್ ಬಂದು ನಿಲ್ಲುವವರೆಗೂ
ಹುಡುಕಿದೆ.

ಹುಟ್ಟುಗೂದಲು ತೆಗೆಯಲಿಕ್ಕೂ ಸೂತಕ ಕಳೆಯಲಿಕ್ಕೂ
ನಮ್ಮ ಮನೆತನಕ್ಕೆ ಕರೆ ಬರುವುದು ರೂಢಿ.
ಈ ಸಾವಿಗೆ ಬಂದದ್ದು ಒಂದು ಫೋನ್ ಕರೆ,
ಅದೂ ಅವನ ಪೆಟ್ಟಿಗೆ ಯಾರ ಹೆಸರಿಗೆ ಕಳಿಸಬೇಕೆಂದು.
ಇಲ್ಲೇ ಮಣ್ಣು ಮಾಡಿದರಂತೆ. ಎಲ್ಲಿ ಅಂತ ಗೊತ್ತಿಲ್ಲ.
ನನ್ನ ಕೈ ಒಂದು ತಲೆಗೆ ಹೆದರಿದ್ದು
ಅದೇ ಮೊದಲು. ಯಾರಿಗೂ ಹೇಳಿಲ್ಲ.

ಅಂಗಡಿ ತೆರೆದಿದೆ ಈಗ.
ನನಗೆ ಪ್ಲಾಸ್ಟಿಕ್ ಅಂಗಿ, ಅವರಿಗೆ ಮಾಸ್ಕ್.
ಕಿವಿಯ ಸುತ್ತ ಕತ್ತರಿಸುವಾಗ ದಾರ ಬಿಚ್ಚಿ
ಅವರೇ ಮೂಗಿನ ಮೇಲೆ ಒತ್ತಿ ಹಿಡಿಯಬೇಕು.
ಮುಖ ಇಲ್ಲದ ಗಿರಾಕಿಗಳು
ತಲೆ ಬಾಗಿಸಿದ ಕೂಡಲೇ ಹೆಸರು ನೆನಪಾಗುತ್ತದೆ.
ಗುಲ್‌ಜರೀನ್ ಇನ್ನೂ ಬಂದಿಲ್ಲ.
ಅರ್ಧ ಗಡ್ಡ ನನ್ನ ಮೇಲೆ ಸಾಲವಿದೆ.

ನಿನ್ನೆ ಹೊಸಬನೊಬ್ಬ, ಸಿಲ್ಹೆಟ್‌ನ ಹುಡುಗ,
ಕೂದಲೊಳಗೆ ಬಾಚಣಿಗೆ ಹಾಕಿದರೆ
ಜೋಡಿ ಸುಳಿ.
ಕೈ ನಿಂತಿತು.
"ಏನು ಭಾಯ್?" ಅಂದ.
"ಎರಡು ಮದುವೆ ನಿನಗೆ" ಅಂದುಬಿಟ್ಟೆ,
ಕನ್ನಡದಲ್ಲೇ.

ಅರ್ಥವಾಗಿರಲಿಕ್ಕಿಲ್ಲ.
ಆದರೂ ಮಾಸ್ಕಿನೊಳಗೆ ನಕ್ಕರೆ
ಕಿವಿಗಳು ಒಂದು ಕೂದಲೆಳೆ ಮೇಲೇಳುತ್ತವೆ.
ಹಿಂದೆ ನಿಂತವನಿಗೆ ಮಾತ್ರ ಕಾಣುತ್ತದೆ.